ಒದೆಯದ ಕಾಲು

ದೋಣಿ ಪಂದ್ಯದಲ್ಲಿ ಹುಟ್ಟು ಹಾಕುವವರೆಲ್ಲ ಗುರಿಗೆ ಬೆನ್ನು ತಿರುಗಿಸಿ ಕೂರುತ್ತಾರೆ. ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದು ಕಾಣುವುದು ಚುಕ್ಕಾಣಿ ಹಿಡಿದವನೊಬ್ಬನಿಗೇ. ಮೇಜಿ ದೊರೆಯ ಇಪ್ಪತ್ತಾರನೆಯ ವರ್ಷ, ಅಂದರೆ ಸಾವಿರದ ಎಂಟುನೂರ ತೊಂಬತ್ತಮೂರರ ವಸಂತದಲ್ಲಿ, ಟೋಕಿಯೋದ ಸುಮಿದಾ ನದಿಯ ಮೇಲೆ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದ ದೋಣಿಗೆ ಚುಕ್ಕಾಣಿ ಹಿಡಿದವನು ನಾನು. ಆದ್ದರಿಂದ ನನಗೆ ಕಾಣಲಿಲ್ಲ ಎಂದು ಹೇಳಿ ನುಣುಚಿಕೊಳ್ಳುವ ಹಾಗಿಲ್ಲ.

ನನ್ನ ಹೆಸರು ನೊಮಿಯಾಮಾ. ಕುಳ್ಳ, ಹಗುರ, ಗಂಟಲು ಮಾತ್ರ ದೊಡ್ಡದು. ಚುಕ್ಕಾಣಿಗೆ ಅಂಥವನೇ ಬೇಕು. ಆರು ಜನ ಹುಟ್ಟು ಹಾಕುತ್ತಿದ್ದರು. ನಾನು ದೋಣಿಯ ಹಿಂಭಾಗದಲ್ಲಿ ಅವರಿಗೆ ಎದುರಾಗಿ ಕೂತು ಎಣಿಕೆ ಕೂಗುತ್ತಿದ್ದೆ. ನನ್ನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದವನು ಸೆಗಾವಾ. ಅವನ ಹುಟ್ಟು ನೀರಿಗೆ ಬಿದ್ದಾಗ ಉಳಿದ ಐವರದ್ದೂ ಬೀಳಬೇಕು. ಅವನು ತಡೆದರೆ ದೋಣಿಯೇ ತಡೆಯಿತು.

ನಮ್ಮ ದೋಣಿಯಲ್ಲಿ ಸೆಗಾವಾನನ್ನು ಬಿಟ್ಟರೆ ಎಲ್ಲರೂ ಸಮುರಾಯ್ ಮನೆತನದವರು. ಕತ್ತಿ ಕಟ್ಟಬಾರದೆಂದು ಸರ್ಕಾರ ಆಜ್ಞೆ ಮಾಡಿ ಹದಿನೇಳು ವರ್ಷವಾಗಿತ್ತು. ಆದರೂ ಅದು ಸೊಂಟದಲ್ಲಿ ಇನ್ನೂ ನೇತಾಡುತ್ತಿದೆಯೇನೋ ಎನ್ನುವ ಹಾಗೆ ಕಾಲು ಅಗಲಿಸಿ ನಡೆಯುತ್ತಿದ್ದೆವು. ಸೆಗಾವಾ ಶಿನ್ಶೂ ಬೆಟ್ಟದ ರೈತನ ಮಗ. ಎಂಟು ವರ್ಷದವನಿದ್ದಾಗಿನಿಂದ ಸೌದೆ ಹೊತ್ತ ಭುಜ ಅವನದು. ನಾಯಕ ಕಿತಾಬತಾಕೆ ಅವನನ್ನು ದೋಣಿಗೆ ಆರಿಸಿದ್ದು ಆ ಭುಜ ನೋಡಿ. ತನ್ನ ಪಕ್ಕ ಊಟಕ್ಕೆ ಕೂರಿಸಿಕೊಳ್ಳಲು ಅವನಿಗೆ ಆಮೇಲೆ ಮೂರು ವಾರ ಹಿಡಿಯಿತು.

ಕಾನೂನು ವಿಭಾಗದವರು ಸತತ ಮೂರು ವರ್ಷ ನಮ್ಮನ್ನು ಸೋಲಿಸಿದ್ದರು. ಪಾಠದ ಕೋಣೆಯ ಗೋಡೆಯ ಮೇಲೆ ಯಾರೋ ಆಮೆಯ ಚಿತ್ರ ಬರೆದು ಕೆಳಗೆ ನಮ್ಮ ವಿಭಾಗದ ಹೆಸರು ಹಾಕಿದ್ದರು. ಈ ಸಲ ಗೆಲ್ಲಲೇಬೇಕೆಂದು ಮಾರ್ಚ್ ಮೊದಲ ವಾರದಿಂದಲೇ ಮುಕೋಜಿಮಾ ದಡದ ದೋಣಿಮನೆಯಲ್ಲಿ ಬಿಡಾರ ಹೂಡಿದೆವು. ಬೆಳಗ್ಗೆ ನೀರು, ಮಧ್ಯಾಹ್ನ ಪಾಠ, ಸಂಜೆ ಮತ್ತೆ ನೀರು. ಊಟಕ್ಕೆ ಬಿಳಿ ಅನ್ನ, ಬೇಕಾದಷ್ಟು. ಜೊತೆಗೆ ತೆಳ್ಳನೆಯ ಮಿಸೋ ಸಾರು, ಮೂಲಂಗಿ ಉಪ್ಪಿನಕಾಯಿ, ವಾರಕ್ಕೆರಡು ಸಲ ಮೀನು. ಚೆನ್ನಾಗಿ ಪಾಲಿಶ್ ಮಾಡಿದ ಅಕ್ಕಿಯ ಆ ಅನ್ನವೇ ಶಕ್ತಿ ಎಂದು ನಮ್ಮ ನಂಬಿಕೆ.

ಸೆಗಾವಾ ಏಳು ಬಟ್ಟಲು ಉಣ್ಣುತ್ತಿದ್ದ.

"ನಿಧಾನ ಕಣೋ, ಅನ್ನ ಎಲ್ಲೂ ಓಡಿಹೋಗಲ್ಲ," ಎಂದು ನಾನು ಛೇಡಿಸಿದರೆ, ತುತ್ತು ನುಂಗಿ ಹೇಳುತ್ತಿದ್ದ: "ನಮ್ಮೂರಲ್ಲಿ ಓಡಿಹೋಗುತ್ತೆ. ಹೊಸವರ್ಷಕ್ಕೆ ಒಂದು ದಿನ ಬರುತ್ತೆ, ಆಮೇಲೆ ಸಾಯೋವಾಗಲೇ. ಸಾಯೋರ ಕಿವಿ ಹತ್ರ ಬಿದಿರಿನ ಕೊಳವೇಲಿ ಬಿಳಿ ಅಕ್ಕಿ ಹಾಕಿ ಅಲ್ಲಾಡಿಸ್ತಾರೆ. ತಿನ್ನೋಕಾಗದೇ ಇದ್ರೂ ಸದ್ದು ಕೇಳ್ಕೊಂಡಾದ್ರೂ ಹೋಗ್ಲಿ ಅಂತ."

ಎಲ್ಲರೂ ನಕ್ಕರು. ಅವನೂ ನಕ್ಕು ಎಂಟನೆಯ ಬಟ್ಟಲು ಹಾಕಿಸಿಕೊಂಡ.

ಏಪ್ರಿಲ್ ಶುರುವಿನಲ್ಲಿ ಒಂದು ದಿನ ಅವನ ಸೋದರಮಾವ ಟೋಮೆಕಿಚಿ ಬೆನ್ನ ಮೇಲೆ ಒಂದು ಚೀಲ ಹೊತ್ತು ದೋಣಿಮನೆಗೆ ಬಂದ. ಹನ್ನೆರಡು ವರ್ಷ ಯುದ್ಧದ ಹಡಗುಗಳಲ್ಲಿ ಅಡುಗೆ ಮಾಡಿ ಬಿಟ್ಟುಬಂದವನು. ಈಗ ಅಜುಮಾ ಸೇತುವೆಯ ಹತ್ತಿರ ದೋಣಿಯವರಿಗಾಗಿ ಸಣ್ಣ ಊಟದಂಗಡಿ ಇಟ್ಟಿದ್ದ. ಅಂಗಡಿಯ ಮುಂದೆ 'ಜವೆಗೋಧಿ ಅನ್ನ' ಎಂದು ದಪ್ಪಕ್ಷರದ ಹಲಗೆ. ಜವೆಗೋಧಿ ಬಡವರದ್ದು, ಕೈದಿಗಳದ್ದು, ಕುದುರೆಯದ್ದು. ಅದನ್ನು ಹಲಗೆಯ ಮೇಲೆ ಬರೆಸಿ ಹೆಮ್ಮೆ ಪಡುತ್ತಿದ್ದವನು ಟೋಕಿಯೋದಲ್ಲಿ ಅವನೊಬ್ಬನೇ ಇರಬೇಕು.

ಕಿತಾಬತಾಕೆ ಚೀಲಕ್ಕೆ ಕೈಹಾಕಿ ನೋಡಿದ. "ಏನಜ್ಜ, ಕುದುರೆ ಎಲ್ಲಿ ಕಟ್ಟಿದ್ದೀಯ?"

"ಇಲ್ಲೇ ಕೂತಿವೆಯಲ್ಲ ಸ್ವಾಮಿ, ಏಳು," ಎಂದ ಟೋಮೆಕಿಚಿ. "ಅರ್ಧ ಅಕ್ಕಿ, ಅರ್ಧ ಜವೆ ಹಾಕಿ ಬೇಯಿಸಿ. ನಮ್ಮ ಹಡಗಲ್ಲಿ ಮೊದಲು ಬರೀ ಬಿಳಿ ಅನ್ನ. ಮೂರಾಳಲ್ಲಿ ಒಬ್ಬ ಕಾಲು ಊದಿಸ್ಕೊಂಡು ಮಲಗೋನು. ಎದೆ ಹಿಡ್ಕೊಂಡು ಸಾಯೋನು. ಜವೆ ಹಾಕೋಕೆ ಶುರು ಮಾಡಿದ ಮೇಲೆ ಒಬ್ಬನೂ ಮಲಗಲಿಲ್ಲ. ಸೌಟು ಹಿಡಿದಿದ್ದೋನು ನಾನೇ."

ಅವನು ಹೇಳುತ್ತಿದ್ದುದು ಬೆರಿಬೆರಿಯ ವಿಷಯ. ಹಳಬರು ಅದನ್ನು ಟೋಕಿಯೋದ ಹಳೆಯ ಹೆಸರಿನಲ್ಲಿ ಎಡೊ ಕಾಯಿಲೆ ಎನ್ನುತ್ತಿದ್ದರು, ರಾಜಧಾನಿಗೆ ಬಂದವರಿಗೆ ಬಂದು ಊರಿಗೆ ಹೋದರೆ ವಾಸಿಯಾಗುತ್ತಿದ್ದುದರಿಂದ. ಪ್ರತಿ ಬೇಸಿಗೆಯಲ್ಲೂ ವಿದ್ಯಾರ್ಥಿಗಳ ಬಿಡಾರಗಳಿಂದ ಇಬ್ಬರೋ ಮೂವರೋ ಹೆಣವಾಗಿ ಹೊರಡುತ್ತಿದ್ದರು. ಜರ್ಮನಿಯಲ್ಲಿ ಓದಿ ಬಂದ ನಮ್ಮ ಗುರುಗಳು ಅದಕ್ಕೆ ಕಾರಣ ಒಂದು ಕ್ರಿಮಿ, ಇನ್ನೂ ಸಿಕ್ಕಿಲ್ಲ, ಸಿಗುತ್ತದೆ ಎನ್ನುತ್ತಿದ್ದರು. ನೌಕಾಪಡೆಯವರ ಜವೆಗೋಧಿಯ ಮಾತೆತ್ತಿದರೆ ಕನ್ನಡಕ ತೆಗೆದು ಒರೆಸಿಕೊಂಡು ನಗುತ್ತಿದ್ದರು. ಅವರು ನಕ್ಕದ್ದಕ್ಕೆಲ್ಲ ನಾವೂ ನಗುತ್ತಿದ್ದೆವು.

"ಹಡಗಿನ ಅಡುಗೆಯವನು ಬಂದು ವೈದ್ಯರಿಗೆ ಪಾಠ ಹೇಳೋ ಕಾಲ ಬಂತು ನೋಡ್ರಪ್ಪ," ಎಂದ ಕಿತಾಬತಾಕೆ. "ಅದು ಕ್ರಿಮಿಯಿಂದ ಬರೋ ರೋಗ, ಅಜ್ಜ. ಕ್ರಿಮಿ ಏನು, ಜವೆ ಕಂಡ್ರೆ ಹೆದರಿ ಓಡುತ್ತಾ?"

"ಹೆದರಿ ಓಡ್ತೋ, ನಾಚ್ಕೊಂಡು ಓಡ್ತೋ ನನಗೆ ಗೊತ್ತಿಲ್ಲ. ಓಡಿದ್ದು ಮಾತ್ರ ಕಂಡಿದ್ದೀನಿ."

"ಜೈಲಿನ ಅನ್ನ ತಿಂದು ಕಾನೂನಿನವರ ಎದುರು ಹೋದ್ರೆ, ಅವರು ನಮ್ಮನ್ನ ನೇರ ಜೈಲಿಗೇ ಹಾಕ್ತಾರೆ," ಎಂದು ಇನ್ನೊಬ್ಬ ಸೇರಿಸಿದ. ಮನೆಯೆಲ್ಲ ನಗು.

ಸೆಗಾವಾನ ಕಿವಿ ಕೆಂಪಾಗಿತ್ತು. ಮಾವನ ತೋಳು ಹಿಡಿದು ಬಾಗಿಲಿನವರೆಗೆ ನಡೆಸಿಕೊಂಡು ಹೋದ. "ನೀನು ಹೋಗು ಮಾವ. ನಾನು ತಿಂತೀನಿ, ಆಯ್ತಾ? ಇನ್ನು ಇಲ್ಲಿಗೆ ಬರಬೇಡ." ಮುದುಕ ಅವನ ಭುಜ ತಟ್ಟಿ ಹೋದ. ಚೀಲ ಎರಡು ದಿನ ಮೂಲೆಯಲ್ಲಿತ್ತು. ಆಮೇಲೆ ಕಾವಲುಗಾರನ ಕೋಳಿಗಳಿಗೆ ಸುರಿದೆವು. ಚೀಲದ ಒಂದು ತುದಿ ಹಿಡಿದಿದ್ದವನು ನಾನು.

ಪಂದ್ಯಕ್ಕೆ ಒಂಬತ್ತು ದಿನ ಉಳಿದಿತ್ತು. ಮಧ್ಯಾಹ್ನ ಮಳೆ ಬಂದು ದೋಣಿ ಇಳಿಸಲಾಗಲಿಲ್ಲ. ಆ ವಾರವಷ್ಟೇ ಗುರುಗಳು ಮೊಣಕಾಲಿನ ಪರೀಕ್ಷೆ ಕಲಿಸಿದ್ದರು: ಕಾಲ ಮೇಲೆ ಕಾಲು ಹಾಕಿ ಕೂರಿಸಿ ಮೊಣಚಿಪ್ಪಿನ ಕೆಳಗೆ ಅಂಗೈ ಅಂಚಿನಿಂದ ತಟ್ಟಿದರೆ ಕಾಲು ತಾನಾಗಿ ಒದೆಯುತ್ತದೆ. ಒದೆಯದಿದ್ದರೆ ಬೆರಿಬೆರಿ ನರಕ್ಕೆ ಇಳಿದಿದೆ ಎಂದು ಅರ್ಥ. ಹೊಸದಾಗಿ ಕಲಿತದ್ದನ್ನು ಆಡಿ ನೋಡಬೇಕಲ್ಲ. ಒಬ್ಬೊಬ್ಬರನ್ನೇ ಪೆಟ್ಟಿಗೆಯ ಮೇಲೆ ಕೂರಿಸಿ, ಯಾರ ಕಾಲು ಎತ್ತರಕ್ಕೆ ಒದೆಯುತ್ತದೆಂದು ಪಂಥ ಕಟ್ಟಿದೆವು. ತಟ್ಟುವವನು ನಾನು.

ಸೆಗಾವಾನ ಸರದಿ ಬಂತು. ತಟ್ಟಿದೆ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಕಾಲು ಜೋರಾಗಿ ಮೇಲೆದ್ದು ನನ್ನ ಟೋಪಿಯನ್ನೇ ಹಾರಿಸಿತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಪಂಥ ಅವನೇ ಗೆದ್ದ.

ನಾನು ನಗಲಿಲ್ಲ. ಎಣಿಕೆ ಕೂಗುವವನಿಗೆ ಒಂದು ಗಳಿಗೆ ತಡವಾದದ್ದು ಗೊತ್ತಾಗದೆ ಇರುವುದಿಲ್ಲ. ಅದು ಕಾಲು ಒದ್ದದ್ದಲ್ಲ, ಸೆಗಾವಾ ಒದ್ದದ್ದು.

ಮಳೆ ನಿಂತ ಮೇಲೆ ಅವನನ್ನು ಹುಟ್ಟುಗಳನ್ನು ಒಣಗಿಸುವ ಚಪ್ಪರದ ಹಿಂದಕ್ಕೆ ಕರೆದುಕೊಂಡು ಹೋಗಿ ಕಾಲು ತೋರಿಸು ಎಂದೆ. ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಗುಳಿ ಬಿದ್ದದ್ದು ಹಾಗೇ ಉಳಿಯಿತು.

"ಎಷ್ಟು ದಿನದಿಂದ?"

"ಹದಿನೈದು ದಿನ ಆಯ್ತು. ಪಾದ ಜುಮ್ ಅನ್ನುತ್ತೆ. ಮೆಟ್ಟಿಲು ಹತ್ತಿದ್ರೆ ಎದೆ ಹೊಡ್ಕೊಳ್ಳುತ್ತೆ, ಅಷ್ಟೇ. ಬೇಸಿಗೆ ಇನ್ನೂ ದೂರ ಇದೆಯಲ್ಲ, ಬೇರೆ ಏನಾದ್ರೂ ಇರಬಹುದು."

"ನೀನೂ ನನ್ನ ಜೊತೆಗೇ ಪಾಠಕ್ಕೆ ಕೂತವನು. ನನ್ನ ಹತ್ರ ಹೀಗೆಲ್ಲ ಆಡಬೇಡ. ನಾಳೆನೇ ಊರಿಗೆ ಹೊರಡು. ಊರಿಗೆ ಹೋದೋರು ಉಳ್ಕೋತಾರೆ."

"ಹೋಗ್ತೀನಿ. ಪಂದ್ಯ ಮುಗಿದ ಮಾರನೇ ದಿನ. ಒಂಬತ್ತು ದಿನ ತಾನೆ."

"ಕಿತಾಬತಾಕೆಗೆ ಹೇಳ್ತೀನಿ."

ಅವನು ಮಂಡಿ ಮುಚ್ಚಿಕೊಂಡ. "ನೋಡು ನೊಮಿಯಾಮಾ, ದಡದ ಮೇಲೆ ನಾನು ಎಲ್ಲರಿಗೂ ರೈತನ ಮಗ. ಏಳು ವರ್ಷದಿಂದ ಕೇಳಿ ಕೇಳಿ ಕಿವಿ ದಡ್ಡುಗಟ್ಟಿದೆ. ದೋಣಿ ಒಳಗೆ ಮಾತ್ರ ಹಾಗಲ್ಲ. ನಾನು ಹುಟ್ಟು ಹಾಕಿದ ಹಾಗೆ ಕಿತಾಬತಾಕೆ ಹುಟ್ಟು ಹಾಕ್ತಾನೆ. ಅದೊಂದು ನನಗೆ ಬಿಡು."

ನಾನು ಬಿಟ್ಟೆ. ಗೆಳೆತನಕ್ಕೆ ಕಟ್ಟುಬಿದ್ದು ಬಿಟ್ಟೆ ಎಂದು ತುಂಬ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳುತ್ತೇನೆ. ಅವನ ಬದಲಿಗೆ ಕೂರಬೇಕಾಗಿದ್ದವನ ತೋಳು ನನ್ನ ತೋಳಿಗಿಂತ ದಪ್ಪವಿರಲಿಲ್ಲ. ಸೆಗಾವಾ ಇಲ್ಲದಿದ್ದರೆ ನಾಲ್ಕನೆಯ ವರ್ಷವೂ ಆಮೆಯ ಚಿತ್ರ ಗೋಡೆಯ ಮೇಲೇ ಇರುತ್ತಿತ್ತು. ನನಗೆ ಗೆಲ್ಲಬೇಕಾಗಿತ್ತು.

ಪಂದ್ಯದ ದಿನ ದಡದ ಉದ್ದಕ್ಕೂ ಚೆರ್ರಿ ಹೂ ಅರಳಿತ್ತು. ಟೋಕಿಯೋ ಊರೇ ಬುತ್ತಿ ಕಟ್ಟಿಕೊಂಡು ಬಂದಿತ್ತು. ನಮ್ಮ ಎಡಕ್ಕೆ ಕಾನೂನು, ಬಲಕ್ಕೆ ಎಂಜಿನಿಯರಿಂಗ್. ತುಪಾಕಿ ಹಾರಿತು.

ಅರ್ಧ ದಾರಿಯವರೆಗೆ ಸೆಗಾವಾನ ಮುಖ ಎಂದಿನ ಹಾಗೇ ಇತ್ತು. ಎಂಜಿನಿಯರಿಂಗ್ ಹಿಂದೆ ಬಿತ್ತು. ಕಾನೂನಿನವರು ಅರ್ಧ ದೋಣಿ ಮುಂದಿದ್ದರು. ಆಮೇಲೆ ಅವನ ತುಟಿಯ ಬಣ್ಣ ಹೋಗತೊಡಗಿತು. ಮೊದಲು ಬಿಳಿ, ಆಮೇಲೆ ನೇರಳೆ. ಕುತ್ತಿಗೆಯ ನರ ಹಗ್ಗದಷ್ಟು ದಪ್ಪವಾಗಿ, ನನ್ನ ಎಣಿಕೆಗೆ ಸಂಬಂಧವೇ ಇಲ್ಲದ ಹಾಗೆ ಹೊಡೆದುಕೊಳ್ಳುತ್ತಿತ್ತು. ಆದರೆ ಹುಟ್ಟು ಮಾತ್ರ ಸರಿಯಾಗಿ ಬೀಳುತ್ತಿತ್ತು.

ಕೊನೆಯಲ್ಲಿ ಇಪ್ಪತ್ತು ಹುಟ್ಟುಗಳನ್ನು ಮೈಯಲ್ಲಿರುವ ಶಕ್ತಿಯೆಲ್ಲ ಸುರಿದು ಹಾಕಬೇಕು. ಅದು ಯಾವಾಗ ಶುರುವಾಗಬೇಕೆಂದು ಹೇಳುವವನು ಚುಕ್ಕಾಣಿಯವನೇ, ನಾಯಕನೂ ಅಲ್ಲ. ನಾನು ಕೂಗದಿದ್ದರೆ ಅದು ಇಲ್ಲ. ನಾವು ಸೋಲುತ್ತಿದ್ದೆವು, ಸಂಜೆ ಊಟ ಮಾಡುತ್ತಿದ್ದೆವು, ಮಾರನೆಯ ದಿನ ಅವನು ಶಿನ್ಶೂಗೆ ಹೊರಡುತ್ತಿದ್ದ. ಸೆಗಾವಾ ನನ್ನ ಮುಖವನ್ನೇ ನೋಡುತ್ತಿದ್ದ. ನಿಲ್ಲಿಸು ಎಂದು ಕೇಳುತ್ತಿದ್ದನೋ, ಕೂಗು ಎನ್ನುತ್ತಿದ್ದನೋ ಇವತ್ತಿಗೂ ಹೇಳಲಾರೆ. ಕಾನೂನಿನವರ ದೋಣಿಯ ಕಡೆ ನೋಡಿದೆ. ಅರ್ಧ ದೋಣಿ.

ಇಪ್ಪತ್ತು ಎಂದು ಕೂಗಿದೆ.

ನಾವು ಗೆದ್ದೆವು. ಒಂದು ಮೊಳದಿಂದ ಗೆದ್ದೆವು. ದಡದ ಕೂಗಿಗೆ ಕಿವಿ ತೂತಾಗುವಂತಿತ್ತು. ಸೆಗಾವಾ ಹುಟ್ಟು ಬಿಡದೆ ಮುಂದಕ್ಕೆ ಬಾಗಿ ನನ್ನ ತೊಡೆಯ ಮೇಲೆ ಹಣೆ ಇಟ್ಟ.

"ಏಳೋ ಸೆಗಾವಾ, ಗೆದ್ವಿ ಕಣೋ," ಎಂದು ಕಿತಾಬತಾಕೆ ಹಿಂದಿನಿಂದ ಅವನ ಬೆನ್ನಿಗೆ ಗುದ್ದಿದ. ಅವನು ಏಳಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹುಟ್ಟನ್ನು ತೆಗೆಯಬೇಕಾಯಿತು.

ಸಾಯಲು ಅವನಿಗೆ ಒಂದೂವರೆ ಗಂಟೆ ಹಿಡಿಯಿತು. ದೋಣಿಮನೆಯ ಹಲಗೆಯ ಮೇಲೆ, ಆರು ಜನ ಮುಂದಿನ ವೈದ್ಯರ ನಡುವೆ. ಅಂಗಿ ಹರಿದುಕೊಂಡು "ಎದೆ, ಎದೆ" ಎನ್ನುತ್ತಿದ್ದ. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು, ಕೂರಿಸಿದರೆ ಕುತ್ತಿಗೆ ನಿಲ್ಲುತ್ತಿರಲಿಲ್ಲ. ನಾನು ಅವನ ಬೆನ್ನಿಗೆ ನನ್ನ ಬೆನ್ನು ಕೊಟ್ಟು ಕೂತೆ. ಅವನು ಹೋದದ್ದು ನನಗೆ ಬೆನ್ನಿನಿಂದಲೇ ಗೊತ್ತಾಯಿತು. ಹೊರಗೆ ನಮ್ಮ ವಿಭಾಗದವರು ಇನ್ನೂ ಹಾಡುತ್ತಿದ್ದರು.

ಸುದ್ದಿ ಕೇಳಿ ಟೋಮೆಕಿಚಿ ಸೇತುವೆಯಿಂದ ಓಡಿಬಂದಿದ್ದ. ನೆಂಟನ ಹಾಗೆ ಅಳಲಿಲ್ಲ. ಸೋದರಳಿಯನ ಪಕ್ಕ ಮಂಡಿಯೂರಿ ಕೂತು, ಹೆಬ್ಬೆರಳಿನಿಂದ ಅವನ ಕಾಲು ಒತ್ತಿ ನೋಡಿದ. ನಾನು ಒತ್ತಿದ್ದ ಜಾಗದಲ್ಲೇ. ಆಮೇಲೆ ತಲೆಯೆತ್ತಿ ಒಂದೇ ಪ್ರಶ್ನೆ ಕೇಳಿದ.

"ಇವ್ನು ಜವೆ ತಿಂದ್ನಾ?"

ಕಿತಾಬತಾಕೆ ನನ್ನ ಕಡೆ ನೋಡಿದ. ತಿನ್ನಲಿಲ್ಲ ಎಂದರೆ ಚೀಲ ಎಲ್ಲಿಗೆ ಹೋಯಿತು ಎಂದು ಕೇಳುತ್ತಾನೆ. ಅಂಗಳದಲ್ಲಿ ಕೋಳಿಗಳು ಓಡಾಡುತ್ತಿದ್ದವು, ಕೊಬ್ಬಿ.

"ತಿಂದ," ಎಂದೆ. "ದಿನಾ ತಿಂತಿದ್ದ. ನಾನೇ ನೋಡಿದ್ದೀನಿ."

ಟೋಮೆಕಿಚಿಯ ಮುಖ ಏನಾಯಿತೆಂದು ಹೇಳಲು ನನಗೆ ಬಾರದು. ಸತ್ತವನಿಗಾಗಿ ಅದುವರೆಗೆ ಕುಸಿಯದ ಮುದುಕ ಆ ಮಾತಿಗೆ ಕುಸಿದ. "ಹಂಗಾದ್ರೆ ನಾನು ಇಷ್ಟು ವರ್ಷ ತಿಳ್ಕೊಂಡಿದ್ದೇ ಸುಳ್ಳು," ಎಂದ. "ನೀವು ಓದಿದೋರು. ನೀವು ಹೇಳಿದ್ದೇ ಸರಿ." ಬಾಗಿ ನಮಸ್ಕಾರ ಮಾಡಿದ, ನಮಗೆ.

ವಿಭಾಗದವರು ದೇಹವನ್ನು ಕೇಳಿ ಪಡೆದರು. ಕೊಯ್ದಾಗ ನಾನೂ ಇದ್ದೆ. ಹೃದಯದ ಬಲಭಾಗ ಇರಬೇಕಾದ್ದಕ್ಕಿಂತ ಎರಡರಷ್ಟು ಊದಿತ್ತು. ಗುರುಗಳು ಅದನ್ನು ಅಂಗೈಯಲ್ಲಿಟ್ಟು ತೋರಿಸಿ, ಕ್ರಿಮಿ ಹುಡುಕಿ ಎಂದರು. ಬೇಸಿಗೆಯೆಲ್ಲ ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನನ್ನ ಗೆಳೆಯನ ನರಗಳಲ್ಲಿ ಅದನ್ನು ಹುಡುಕಿದೆ. ಇರಲಿಲ್ಲ. ಗೋಡೆಯ ಮೇಲಿನ ಆಮೆಯನ್ನು ಅಷ್ಟರಲ್ಲಿ ಯಾರೋ ಒರೆಸಿದ್ದರು.

ಸೆಪ್ಟೆಂಬರಿನಲ್ಲಿ ನನಗೆ ತಡೆಯಲಾಗಲಿಲ್ಲ. ನಿಜ ಹೇಳಿಬಿಡಬೇಕೆಂದು ಅಜುಮಾ ಸೇತುವೆಯ ಅಂಗಡಿಗೆ ಹೋದೆ. ಮುಂದೆ ಹಲಗೆ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಮರದ ಬಣ್ಣ ತಿಳಿಯಾಗಿತ್ತು. ಟೋಮೆಕಿಚಿ ಒಲೆಯ ಪಕ್ಕ ಕಾಲು ಚಾಚಿ ಕೂತಿದ್ದ. ನನ್ನನ್ನು ಕಂಡು ಏಳಲು ಹೋಗಿ ಗೋಡೆ ಹಿಡಿದ.

"ಬನ್ನಿ ಡಾಕ್ಟ್ರೇ, ಕೂತ್ಕೊಳ್ಳಿ. ಇವತ್ತು ನಮ್ಮಲ್ಲಿ ಉಣ್ಣಲೇಬೇಕು." ಬಟ್ಟಲು ತುಂಬ ಅನ್ನ ಬಡಿಸಿ ಮುಂದಿಟ್ಟ. ಹಾಲಿನಷ್ಟು ಬಿಳಿ. "ಜವೆ ನಿಲ್ಲಿಸ್ಬಿಟ್ಟೆ. ಸುಳ್ಳು ಅಂತ ಗೊತ್ತಾದ ಮೇಲೆ ಯಾಕೆ ದೋಣಿಯೋರಿಗೆ ಕೈದಿಗಳ ಕೂಳು ಹಾಕಲಿ. ನಾನೂ ಇದನ್ನೇ ಉಣ್ತೀನಿ. ವಯಸ್ಸಾಯ್ತು, ಬಾಯಿಗೆ ಮೆತ್ತಗಿರುತ್ತೆ."

"ಕಾಲಿಗೆ ಏನಾಗಿದೆ?"

"ಏನಿಲ್ಲ ಬಿಡಿ. ಬೇಸಿಗೇಲಿ ಸ್ವಲ್ಪ ಊದಿತ್ತು. ಜುಮ್ ಅನ್ನುತ್ತೆ."

ಅವನನ್ನು ಪೀಪಾಯಿಯ ಮೇಲೆ ಕೂರಿಸಿ, ಕಾಲ ಮೇಲೆ ಕಾಲು ಹಾಕಿಸಿ ತಟ್ಟಿದೆ. ಕಾಲು ಸತ್ತ ಮೀನಿನ ಹಾಗೆ ತೂಗಿತು. ಇನ್ನೊಂದು ಕಾಲೂ ಅಷ್ಟೇ.

"ಇದೇನು ಆಟ?" ಎಂದ.

"ಆಟ ಅಲ್ಲ. ಚೆನ್ನಾಗಿದ್ರೆ ಒದೆಯಬೇಕು. ಸೆಗಾವಾಂದೂ ಒದೀಲಿಲ್ಲ." ಹೇಳುತ್ತ ಹೇಳುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಕೋಳಿಗಳು, ಚಪ್ಪರದ ಹಿಂದೆ ಒತ್ತಿದ ಹೆಬ್ಬೆರಳು, ಇಪ್ಪತ್ತು. ಅವನು ಒಂದು ಅಗುಳು ಜವೆಯನ್ನೂ ತಿಂದಿರಲಿಲ್ಲ ಎಂದು.

ಟೋಮೆಕಿಚಿ ತನ್ನ ಕಾಲುಗಳನ್ನು ನೋಡಿಕೊಂಡ.

"ಯಾರ ಮರ್ಯಾದೆ ಉಳಿಸೋಕೆ ಹೇಳಿದ್ರಿ ಅದನ್ನ?"

ಹೊರಡಲು ಎದ್ದೆ.

"ಕೂತ್ಕೊಳ್ಳಿ," ಎಂದ. ಧ್ವನಿ ಎತ್ತರಿಸಲಿಲ್ಲ. "ಬಡಿಸಿದ್ದನ್ನ ಬಿಟ್ಟು ಏಳಬಾರದು. ಉಣ್ಣಿ."

ಉಂಡೆ. ಅವನು ಎದುರು ಕೂತು ನೋಡುತ್ತಿದ್ದ. ಬಟ್ಟಲು ಬರಿದಾದ ಮೇಲೆ ಅವನು ಅದನ್ನು ತೆಗೆದುಕೊಂಡು, ಒಲೆಯ ಮೇಲಿದ್ದ ಅನ್ನದ ಪಾತ್ರೆಯನ್ನು ಇಳಿಸಿ, ಗೋಡೆ ಹಿಡಿದು ಹಿಂದಿನ ಕೋಣೆಗೆ ಹೋದ. ಚೀಲ ಎಳೆಯುವ ಸದ್ದು ಕೇಳಿಸಿತು. ಸಹಾಯಕ್ಕೆ ಹೋಗುವ ಧೈರ್ಯ ನನಗಾಗಲಿಲ್ಲ.

ಫೆಬ್ರವರಿಯಲ್ಲಿ ಹಿಮ ಬಿದ್ದ ಒಂದು ಬೆಳಗ್ಗೆ ವಿಭಾಗದ ಬಾಗಿಲಲ್ಲಿ ಯಾರೋ ಮುದುಕ ನಿಮ್ಮನ್ನು ಕೇಳುತ್ತಿದ್ದಾನೆ ಎಂದರು. ಟೋಮೆಕಿಚಿ ಸೇತುವೆಯಿಂದ ಅಲ್ಲಿಯವರೆಗೆ ನಡೆದೇ ಬಂದಿದ್ದ. ಕೋಲು ಇರಲಿಲ್ಲ. ನನ್ನ ಜೊತೆ ಪಾಠಕ್ಕೆ ಹೊರಟಿದ್ದವರು ಸುತ್ತ ನಿಂತರು. ಅವರಲ್ಲಿ ಕಿತಾಬತಾಕೆಯೂ ಇದ್ದ. ಮುದುಕ ಯಾರ ಕಡೆಯೂ ನೋಡದೆ ಬಾಗಿಲ ಪಕ್ಕದ ಕಲ್ಲಿನ ಮೇಲಿನ ಹಿಮವನ್ನು ಕೈಯಿಂದ ಸರಿಸಿ, ಕೂತು, ಕಾಲ ಮೇಲೆ ಕಾಲು ಹಾಕಿದ.

"ತಟ್ಟಿ," ಎಂದ.

ತಟ್ಟಿದೆ. ಕಾಲು ಒದೆಯಿತು. ಚಿಕ್ಕದಾಗಿ, ಸರಿಯಾದ ಗಳಿಗೆಗೆ, ತಾನಾಗಿ.

"ಇನ್ನೊಂದು ಸಲ."

ಮತ್ತೆ ಒದೆಯಿತು. ಕಿತಾಬತಾಕೆ ಮುಖ ತಿರುಗಿಸಿದ. ಟೋಮೆಕಿಚಿ ಕಾಲು ಇಳಿಸಿ, ಹುಲ್ಲಿನ ಚಪ್ಪಲಿಯ ದಾರ ಬಿಗಿದುಕೊಂಡು ಎದ್ದು ನಿಂತ.

"ಜವೆ ತಿಂದಿದ್ರೆ ನಮ್ಮ ಹುಡುಗಂದೂ ಒದೀತಿತ್ತು ಡಾಕ್ಟ್ರೇ," ಎಂದು ಹೇಳಿ, ಹಿಮದಲ್ಲಿ ಸೇತುವೆಯ ಕಡೆಗೆ ನಡೆದು ಹೋದ.